ನಾಕೈದು ಪುಟ

"ನಾಕೈದು ಪುಟ ಅಂದ್ರ ಎಲ್ಲಿಂದ ಎಣಿಸ್ಲಿ ಸರ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಿಂದ ಬಂದ ಕರೆ. ಸಿಎನ್‌ಸಿ ಲೇತಿನ, ಅಂದರೆ ಕಂಪ್ಯೂಟರ್ ನಡೆಸುವ ಲೇತಿನ, ಟರೆಟ್ (ಟೂಲ್‌ಗಳನ್ನು ಸುತ್ತಲೂ ಹಿಡಿದಿಟ್ಟು ತಿರುಗುವ ಭಾಗ) ಅಲೈನ್‌ಮೆಂಟ್ ತಪ್ಪಿ ಕೆಲಸ ನಿಂತಿತ್ತು. ಸರ್ವೀಸಿನವರು ಯಾರೂ ಸಿಗದೆ ಕರೆ ನನ್ನ ಮೇಜಿಗೆ ಬಂತು. ಆ ಯಂತ್ರದ ಮ್ಯಾನುಯಲ್ ಬರೆದವನು ನಾನೇ. ಪಿಡಿಎಫ್ ತೆಗೆದು, ಮೇಲಿನ ಚೌಕದಲ್ಲಿ ಕಂಡ ಅಂಕೆ ನೋಡಿ "61ನೇ ಪುಟ ತೆಗೀರಿ" ಅಂದೆ. "ಅರವತ್ತೊಂದು ಅನ್ನೋ ಪುಟಾನ ಇಲ್ರಿ ಇದರಾಗ" ಅಂದ. ಅವನ ಕೈಯಲ್ಲಿದ್ದದ್ದು ಅಚ್ಚಾದ ಪುಸ್ತಕ. ಆಗ ಪುಟದ ಅಡಿಯಲ್ಲಿ ನಾವೇ ಹಾಕಿಸಿದ್ದ ಅಂಕೆ ಓದಿದೆ: "ನಾಲ್ಕು-ಐದು ನೋಡಿ."

ಅದಕ್ಕೆ ಅವನು ಕೇಳಿದ್ದು ಆ ಪ್ರಶ್ನೆ. ಮತ್ತೆ ಹೇಳಿದೆ, ನಿಧಾನವಾಗಿ, "ನಾಲ್ಕು... ಐದು." "ಹೌದ್ರಿ, ನಾಕೈದು. ಎಲ್ಲಿಂದ?"

ನಾಕೈದು ದಿನ, ಏಳೆಂಟು ಜನ, ಹತ್ತು-ಹನ್ನೆರಡು ಮೂಟೆ. ಎರಡು ಅಂಕೆ ಜೋಡಿಸಿ ಹೇಳಿದರೆ ನಮ್ಮ ಕಿವಿಗೆ ಅದು ಅಂದಾಜು. ನಾಲ್ಕನೇ ಅಧ್ಯಾಯದ ಐದನೇ ಪುಟ ಎಂದು ಯಾರಿಗೂ ಕೇಳಿಸುವುದಿಲ್ಲ. ನಡುವಿನ ಅಡ್ಡಗೆರೆ ಕಣ್ಣಿಗೆ ಮಾತ್ರ ಇದೆ, ಬಾಯಿಗಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ, ಮನೆಯಲ್ಲಿ ದಿನಾ ಕನ್ನಡ ಆಡುವ ನನಗೆ, ಇದು ಹೊಳೆದೇ ಇರಲಿಲ್ಲ.

ಅಧ್ಯಾಯವಾರು ಅಂಕೆ ನನಗೆ ಕಲಿಸಿದವರು ವಿಮಾನದ ಮ್ಯಾನುಯಲ್‌ಗಳಲ್ಲಿ ಪಳಗಿದ ಒಬ್ಬ ಹಿರಿಯರು. ಅವರ ಲೋಕದಲ್ಲಿ ಅದು ಪೂರ್ತಿ ಸರಿ. ವಿಮಾನದ ಮ್ಯಾನುಯಲ್‌ಗಳಿಗೆ ಅಧ್ಯಾಯದ ಅಂಕೆ ಗೊತ್ತುಮಾಡುವ ಎಟಿಎ 100 ಎಂಬ ಪದ್ಧತಿಯಲ್ಲಿ 32ನೇ ಅಧ್ಯಾಯ ಅಂದರೆ ಯಾವ ವಿಮಾನದಲ್ಲೂ ಲ್ಯಾಂಡಿಂಗ್ ಗೇರ್. ಅದರೊಳಗೆ ಪುಟ 401ರಿಂದ ಬಿಚ್ಚಿ ಜೋಡಿಸುವ ವಿಧಾನ, 601ರಿಂದ ತಪಾಸಣೆ. ಅಲ್ಲಿ ಪುಟಸಂಖ್ಯೆಯೇ ಕೆಲಸದ ಹೆಸರು ಹೇಳುತ್ತದೆ. ಹಾಳೆಗಳು ರಿಂಗ್ ಬೈಂಡರಿನಲ್ಲಿರುತ್ತಿದ್ದವು. ತಿದ್ದುಪಡಿ ಬಂದರೆ ನಾಲ್ಕು ಹಾಳೆ ಕಿತ್ತು ಐದು ಸೇರಿಸಬಹುದು, ಮುಂದಿನ ಅಧ್ಯಾಯದ ಒಂದು ಅಂಕೆಯೂ ಅಲುಗುವುದಿಲ್ಲ. ಅವರು ಶಿಸ್ತಿನ ಮನುಷ್ಯ, ನನಗೆ ಅನ್ನದ ದಾರಿ ತೋರಿಸಿದವರು.

ಆದರೆ ನಮ್ಮ ಲೇತಿನ ಮ್ಯಾನುಯಲ್‌ಗೆ ರಿಂಗ್ ಬೈಂಡರ್ ಎಲ್ಲಿದೆ? ಅಂಟು ಹಾಕಿ ಕಟ್ಟಿದ ಪುಸ್ತಕ ಅದು. ಬದಲಾವಣೆ ಬಂದರೆ ಇಡೀ ಪುಸ್ತಕವನ್ನೇ ಮತ್ತೆ ಅಚ್ಚು ಹಾಕಿಸುತ್ತೇವೆ. ಮೊದಲ 12 ಪುಟಕ್ಕೆ ರೋಮನ್ ಅಂಕೆ, ಆಮೇಲೆ 14, 18, 12 ಪುಟಗಳ ಮೂರು ಅಧ್ಯಾಯ, ಪ್ರತಿ ಸಲವೂ ಎಣಿಕೆ ಮತ್ತೆ ಒಂದರಿಂದ. ಹೀಗೆ ಪಿಡಿಎಫ್‌ನ 61 ಅಚ್ಚಿನಲ್ಲಿ 4-5 ಆಯಿತು. ಪಿಡಿಎಫ್‌ನಲ್ಲಿ ಪುಟದ ಲೇಬಲ್ ಕೂರಿಸಿ ಪರದೆಯಲ್ಲೂ 4-5 ಎಂದೇ ತೋರಿಸಬಹುದಿತ್ತು. ಅದನ್ನೂ ಮಾಡಿರಲಿಲ್ಲ. ಮಾಡಿದ್ದರೂ ಲೇಬಲ್ ಲೆಕ್ಕಿಸದೆ ಮೊದಲಿಂದ ಎಣಿಸಿ ತೋರಿಸುವ ಆ್ಯಪ್‌ಗಳು ಮೊಬೈಲಿನಲ್ಲಿವೆ.

ಬುಧವಾರ ಹೊಸ ಆವೃತ್ತಿಯ ಟೆಂಪ್ಲೇಟ್ ಬಗ್ಗೆ ಮೀಟಿಂಗ್ ಇತ್ತು. "ಈಗ ಪುಟಸಂಖ್ಯೆ ಯಾರು ನೋಡ್ತಾರೆ? ಎಲ್ಲರೂ ಸರ್ಚ್ ಮಾಡ್ತಾರೆ" ಅಂದರು ನಮ್ಮ ಮ್ಯಾನೇಜರ್. ಒಳ್ಳೆಯವರೇ, ಆದರೆ ಎಣ್ಣೆ ಮೆತ್ತಿದ ಕೈಯಲ್ಲಿ ಪುಸ್ತಕ ತಿರುವಿದವರಲ್ಲ. ಎಲೆಕ್ಟ್ರಿಕಲ್ ಕ್ಯಾಬಿನೆಟ್ ಬಾಗಿಲಿಗೆ ನೇತುಹಾಕಿದ ಪುಸ್ತಕದಲ್ಲಿ ಸರ್ಚ್ ಎಲ್ಲಿಂದ ಬರಬೇಕು? ಅಲ್ಲಿ ಕೆಲಸ ಮಾಡುವವನಿಗೂ ಫೋನಿನಲ್ಲಿ ಹೇಳುವವನಿಗೂ ನಡುವೆ ಇರುವುದು ಆ ಒಂದು ಅಂಕೆ. ಇಬ್ಬರಿಗೂ ಅದು ಒಂದೇ ಆಗಿರಬೇಕು, ಬಾಯಲ್ಲಿ ಹೇಳಿದರೂ ಒಂದೇ ಆಗಿರಬೇಕು. ರೋಮನ್ ಬೇಡ, ಅಡ್ಡಗೆರೆ ಬೇಡ, ರಟ್ಟಿನಿಂದಲೇ ಒಂದು, ಎರಡು, ಮೂರು ಎಂದು ಕೊನೆಯವರೆಗೆ ಹಾಕೋಣ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಇದರಲ್ಲಿ ನಷ್ಟವೂ ಇದೆ. ರಿಪೇರಿಯವರಿಗೆಂದು ನಾವು ಕಳಿಸಿದ ಹಳೆಯ ಸೂಚನಾಪತ್ರಗಳು, ಅಂದರೆ ಸರ್ವೀಸ್ ಬುಲೆಟಿನ್‌ಗಳೆಲ್ಲ, "4-5 ನೋಡಿ" ಎಂದೇ ಹೇಳುತ್ತವೆ. ಎರಡನೇ ಅಧ್ಯಾಯಕ್ಕೆ ಎರಡು ಪುಟ ಸೇರಿದರೆ ಅಲ್ಲಿಂದಾಚೆ ಎಲ್ಲವೂ ಸರಿಯುತ್ತದೆ. ಕನ್ನಡಕ್ಕೆ ಅನುವಾದವಾದಾಗ ಪುಟ ಹೆಚ್ಚಾಗಿ ಇಂಗ್ಲಿಷಿನ 61 ಕನ್ನಡದಲ್ಲಿ 66 ಆಗಬಹುದು. ಇದಕ್ಕೆ ನನ್ನ ಬಳಿ ಇರುವ ಪರಿಹಾರ ಇಷ್ಟೇ: ಪ್ರತಿ ಕೆಲಸವೂ ಹೊಸ ಪುಟದಲ್ಲೇ ಶುರುವಾಗಲಿ, ಅದಕ್ಕೊಂದು ಹೆಸರಿರಲಿ, ಬುಲೆಟಿನ್‌ಗಳು ಆ ಹೆಸರನ್ನೇ ಹೇಳಲಿ. ಟೆಂಪ್ಲೇಟ್ ಹಾಗೆಯೇ ಬದಲಿಸಿ ಕೊಟ್ಟಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ.

ಆವತ್ತು ಪುಟ ಸಿಕ್ಕಿದ್ದು ಚಿತ್ರದಿಂದ. "ಗುಂಡಗ ಎಂಟು ಟೂಲ್ ಅದಾವಲ್ರಿ, ಅದಾ?" ಅಂದ. ಹೌದು, ಅದೇ. ಅಷ್ಟಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಸಂಜೆ ಯಂತ್ರ ಓಡಿತು ಎಂದು ತಿಳಿಸಿ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ್ದ. ಬಿಚ್ಚಿಟ್ಟ ಪುಸ್ತಕ, ಅಂಚಿನಲ್ಲಿ ಹೆಬ್ಬೆರಳಿನ ಕರಿ ಗುರುತು. ನಾವು ಅಚ್ಚು ಹಾಕಿಸಿದ 4-5ರ ಪಕ್ಕ ಬಾಲ್‌ಪೆನ್ನಿನಲ್ಲಿ ದಪ್ಪಗೆ ತಿದ್ದಿ ಬರೆದಿದ್ದ: 61. ಎಡಗಡೆಯ ಪುಟದಲ್ಲಿ 60 ಎಂದಿತ್ತು. ರಟ್ಟಿನಿಂದ ಹಿಡಿದು ಎಲ್ಲ ಪುಟಕ್ಕೂ ಅವನೇ ಅಂಕೆ ಹಾಕಿದ್ದ.