ಟ್ರಾಮಿನ ಬಗ್ಗೆ ಕೇಳಿದರೆ ನಾಕಾದ ಬಗ್ಗೆ ಯಾಕೆ ಹೇಳ್ತೀರಿ?

"ಮಾರಾಯ್ರೆ, ನಾನು ಕೇಳಿದ್ದು ಟ್ರಾಮಿನ ಬಗ್ಗೆ. ನೀವು ಇರಾನಿ ಹೋಟೆಲು, ಕಾಲಾ ಘೋಡಾ, ಧೋಬಿ ತಲಾವ್ ಅಂತ ಯಾಕೆ ಸುತ್ತುತ್ತಿದ್ದೀರಿ?"

ಮುಂಬಯಿಯ ಹಳೆ ಟ್ರಾಮಿನ ಹುಚ್ಚು ಹಿಡಿಸಿಕೊಂಡವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಚಹಾದ ಲೋಟ ಹಿಡಿದು ನಿಂತಾಗ ಕೇಳುತ್ತಾರೆ. ಅದರ ಬಾಲಕ್ಕೆ ಇನ್ನೊಂದು ಕುಟುಕು: "ಟ್ರಾಮು ನಿಂತದ್ದು 1964ರಲ್ಲಿ. ನೀವು ಆಗ ಹುಟ್ಟಿಯೇ ಇರಲಿಲ್ಲವಲ್ಲ!" ಹೌದು, ಹುಟ್ಟಿರಲಿಲ್ಲ. ಹತ್ತಿದವರ ಬಾಯಿಂದ ಕೇಳಿ, ಹಳೆ ಫೋಟೊಗಳನ್ನು ಭೂತಗನ್ನಡಿ ಹಿಡಿದು ನೋಡಿ ಬೆಳೆಸಿಕೊಂಡ ಹುಚ್ಚು ಇದು. ಹಾಗೆ ಕೇಳುತ್ತ ಹೋದಾಗ ಒಂದು ಸಂಗತಿ ಗಮನಕ್ಕೆ ಬಂತು. ಹಿರಿಯರು ಗಾಡಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಬಣ್ಣ ಕೇಳಿದರೆ ತಡವರಿಸುತ್ತಾರೆ, ಎಷ್ಟು ಸೀಟು ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಯಾವ ನಾಕಾದಲ್ಲಿ, ಅಂದರೆ ಯಾವ ಕೂಡುರಸ್ತೆಯಲ್ಲಿ, ಇಳಿಯುತ್ತಿದ್ದಿರಿ ಎಂದು ಕೇಳಿ ನೋಡಿ, ಎದುರು ಅಂಗಡಿಯವನ ಟೊಪ್ಪಿಯವರೆಗೆ ಎಲ್ಲ ಹೇಳುತ್ತಾರೆ.

ಇದಕ್ಕೆ ಕಾರಣವನ್ನು ಅವರ ಮನಸ್ಸಿನಲ್ಲಿ ಹುಡುಕುವುದಕ್ಕಿಂತ ಹಳಿಯಲ್ಲಿ ಹುಡುಕಬೇಕು ಎನ್ನುವುದು ನನ್ನ ಉತ್ತರ.

ನೇರ ರಸ್ತೆಯಲ್ಲಿ ಟ್ರಾಮು ಹೇಳಿಕೊಳ್ಳುವಂಥದ್ದೇನೂ ಮಾಡುವುದಿಲ್ಲ. ರಸ್ತೆಯ ಮಟ್ಟಕ್ಕೆ ಹೂತ ಹಳಿ, ಹಳಿಯ ಮೇಲ್ಭಾಗದಲ್ಲೊಂದು ಸೀಳು, ಆ ಸೀಳಿನೊಳಗೆ ಚಕ್ರದ ಅಂಚು. ಗಾಡಿ ತನ್ನ ಪಾಡಿಗೆ ಹೋಗುತ್ತದೆ, ಒಳಗಿದ್ದವರು ತೂಕಡಿಸುತ್ತಾರೆ. ನಾಕಾ ಬಂತೋ, ಎಲ್ಲ ಶುರು. ಡ್ರೈವರ್ ಕಾಲಿನಿಂದ ಗಂಟೆ ಒತ್ತುತ್ತಾನೆ, ಟಣ್ ಟಣ್. ವೇಗ ಇಳಿಯುತ್ತದೆ. ಟ್ರಾಮಿನ ಎರಡು ಬದಿಯ ಚಕ್ರಗಳನ್ನು ಒಂದೇ ಅಚ್ಚಿಗೆ ಬಿಗಿದಿರುತ್ತಾರೆ, ಒಂದು ವೇಗವಾಗಿ ಇನ್ನೊಂದು ನಿಧಾನವಾಗಿ ತಿರುಗಲಾರದು. ತಿರುವಿನಲ್ಲಿ ಹೊರಗಿನ ಹಳಿ ಉದ್ದ, ಒಳಗಿನದು ಗಿಡ್ಡ. ಹಾಗಾಗಿ ಒಂದು ಚಕ್ರ ಜಾರಲೇಬೇಕು, ಅಂಚು ಸೀಳಿನ ಗೋಡೆಗೆ ಉಜ್ಜಲೇಬೇಕು. ಮೂಲೆಮನೆಯ ಮಾಳಿಗೆಯಲ್ಲಿದ್ದವರ ನಿದ್ದೆ ಕೆಡಿಸುತ್ತಿದ್ದ ಕಿರ್ರೆಂಬ ಸದ್ದು ಅದೇ. ದಾರಿ ಕವಲೊಡೆಯುವಲ್ಲಿ ಯಾರಾದರೂ ಕಬ್ಬಿಣದ ಸಲಾಕೆ ಹಾಕಿ ಹಳಿಯ ನಾಲಿಗೆಯನ್ನು ಆಚೆಗೋ ಈಚೆಗೋ ಸರಿಸಬೇಕು.

ಇನ್ನು ಮೇಲೆ ತಂತಿ. ನೇರ ದಾರಿಯಲ್ಲಿ ಅದು ಒಂದು ಗೆರೆ ಅಷ್ಟೆ. ತಿರುವಿನಲ್ಲಿ ಅದನ್ನು ಬಾಗಿಸಲು ಅಕ್ಕಪಕ್ಕದ ಕಂಬಗಳಿಂದ, ಗೋಡೆಗಳಿಂದ ಎಳೆದು ಕಟ್ಟಿದ ತಂತಿಗಳ ದೊಡ್ಡ ಬಲೆ. ಗಾಡಿಯ ತಲೆಯ ಮೇಲಿನ ಕೋಲು ತಂತಿಯಿಂದ ಜಾರುವುದೂ ಹೆಚ್ಚಾಗಿ ಇಲ್ಲೇ. ಫಟ್ಟೆಂದು ಕಿಡಿ, ಒಳಗೆ ಕತ್ತಲು, ಕಂಡಕ್ಟರ್ ಇಳಿದು ಹಗ್ಗ ಹಿಡಿದು ಕೋಲನ್ನು ಮತ್ತೆ ತಂತಿಗೆ ಸೇರಿಸುವವರೆಗೆ ಹಿಂದೆ ಗಾಡಿಗಳ ಸಾಲು. ಅಷ್ಟು ಹೊತ್ತು ಒಳಗಿದ್ದ ಜನ ಏನು ಮಾಡಬೇಕು? ಹೊರಗೆ ನೋಡಬೇಕು. ದಿನಾ ಅದೇ ಜಾಗದಲ್ಲಿ, ಅದೇ ಕೋನದಿಂದ, ಅದೇ ಅಂಗಡಿ. ಬಸ್ಸು ಒಂದು ದಿನ ಬಲಕ್ಕೆ ನಿಂತೀತು, ಇನ್ನೊಂದು ದಿನ ಎಡಕ್ಕೆ. ಟ್ರಾಮಿಗೆ ಒಂದು ಗೇಣು ಅತ್ತಿತ್ತ ಸರಿಯಲೂ ಸ್ವಾತಂತ್ರ್ಯವಿಲ್ಲ. ನೆನಪು ಅಚ್ಚಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು ಶುರುವಾದದ್ದು 1874ರ ಮೇ 9ರಂದು. ಒಂದು ದಾರಿ ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲಿಂದ ಪಾಯಧುನಿಗೆ, ಇನ್ನೊಂದು ಬೋರಿಬಂದರಿನಿಂದ ಕಾಲ್ಬಾದೇವಿ ಮೇಲಿಂದ ಅದೇ ಪಾಯಧುನಿಗೆ. 1907ರ ಮೇ 7ಕ್ಕೆ ವಿದ್ಯುತ್ ಟ್ರಾಮು, 1920ರಲ್ಲಿ ಡಬಲ್ ಡೆಕ್ಕರ್. 1947ರ ಆಗಸ್ಟ್ 7ಕ್ಕೆ ಟ್ರಾಮು ಓಡಿಸುತ್ತಿದ್ದ ಬೆಸ್ಟ್ ಕಂಪನಿ ನಗರಪಾಲಿಕೆಯ ಕೈಗೆ ಬಂತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಗಾಡಿ. ದಾದರ್ ಟಿಟಿ ಎಂದರೆ ಟ್ಯಾಕ್ಸಿಯವರು ಈಗಲೂ ಸೀದಾ ಖೊದಾದಾದ್ ಸರ್ಕಲ್ಲಿಗೆ ಕರೆದೊಯ್ಯುತ್ತಾರೆ. ಆ ಟಿಟಿ ಟ್ರಾಮ್ ಟರ್ಮಿನಸ್ಸಿನದು.

ಈಗ ಇರಾನಿ ಹೋಟೆಲಿನ, ಅಂದರೆ ಇರಾನಿನಿಂದ ವಲಸೆ ಬಂದವರು ಇಟ್ಟ ಚಹಾದಂಗಡಿಯ, ವಿಷಯ. ಟ್ರಾಮ್ ಹುಚ್ಚರ ಮಾತಿನಲ್ಲಿ ಅದು ಬಂದೇ ಬರುತ್ತದೆ, ಕೇಳುವವರಿಗೆ ಸಿಟ್ಟು ಬರುವುದೂ ಅಲ್ಲೇ. ಮುಂಬಯಿಯ ಇತರ ವ್ಯಾಪಾರಿಗಳಿಗೆ ಮೂಲೆ ಅಂಗಡಿ ಅಶುಭ ಎಂಬ ನಂಬಿಕೆ ಇತ್ತು, ಇರಾನಿಗಳಿಗೆ ಆ ಅಳುಕು ಇರಲಿಲ್ಲ, ಹಾಗಾಗಿ ಮೂಲೆಗಳೆಲ್ಲ ಅವರ ಪಾಲಾದವು ಎಂದು ಊರೇ ಹೇಳುತ್ತದೆ. ನಂಬಿಕೆಯ ಕಥೆ ಇರಲಿ, ವ್ಯಾಪಾರದ ಲೆಕ್ಕವೂ ಸರಿಯಾಗಿಯೇ ಇದೆ. ಮೂಲೆ ಅಂಗಡಿಗೆ ಎರಡು ರಸ್ತೆಗೂ ಬಾಗಿಲು. ಟ್ರಾಮು ನಿಧಾನಿಸುವುದು ಅಲ್ಲಿ, ಗಾಡಿ ಬದಲಿಸುವವರು ಕಾಯುವುದು ಅಲ್ಲಿ. ಕಾಯುವವನಿಗೆ ಒಂದು ಚಹಾ, ಬೆಣ್ಣೆ ಸವರಿದ ಗರಿಗರಿ ಬನ್ನು ಅಂದರೆ ಒಂದು ಬ್ರುನ್ ಮಸ್ಕಾ. ಧೋಬಿ ತಲಾವ್‌ಗೆ ಹೋದರೆ ಜೇರ್ ಮಹಲ್ ಕಟ್ಟಡದ ಕೆಳಗೆ 1904ರ ಇರಾನಿ ಹೋಟೆಲು ಕಯಾನಿ ಈಗಲೂ ಇದೆ. ಎದುರಿಗೆ 1938ರ ಮೆಟ್ರೊ ಸಿನೆಮಾ, ಕೂಡುರಸ್ತೆಗೆ ಮುಖ ಕೊಟ್ಟು ನಿಂತಿದೆ. ಕಯಾನಿಯ ಮೇಜಿಗೆ ಕೂತು ಹೊರಗೆ ನೋಡಿದರೆ ಇಲ್ಲಿ ಹಳಿ ಎಲ್ಲಿ ತಿರುಗಿರಬೇಕು ಎಂದು ಅಂದಾಜು ಮಾಡಬಹುದು. ನಾನು ಮಾಡುತ್ತೇನೆ. ಜೊತೆಗೆ ಬಂದವರು ಮಾವಾ ಕೇಕ್ ತಿನ್ನುತ್ತಾರೆ.

ನಮ್ಮವರ ನೆನಪಿಗೆ ಇನ್ನೊಂದು ರುಚಿ ಇದೆ. ದಕ್ಷಿಣ ಕನ್ನಡದಿಂದ ಹುಡುಗರಾಗಿದ್ದಾಗಲೇ ಬಂದು, ಫೋರ್ಟಿನ ಕ್ಯಾಂಟೀನುಗಳಲ್ಲಿ ಹಗಲು ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಕಟ್ಟಿದ ಒಂದು ತಲೆಮಾರೇ ಮುಂಬಯಿಯಲ್ಲಿತ್ತು. ಅವರಿಗೆ ಟ್ರಾಮು ಪ್ರವಾಸದ ಗಾಡಿಯಲ್ಲ, ಒಂದಾಣೆಯ ಗಾಡಿ. ಉಡುಪಿ ಕಡೆಯ ಒಬ್ಬ ಹಿರಿಯರನ್ನು, "ಟ್ರಾಮು ಹೇಗಿತ್ತು, ಮಾಮ?" ಎಂದು ಕೇಳಿದ್ದೆ. "ಎಂತ ಗೊತ್ತುಂಟಾ, ಸ್ಟಾಪಿನಲ್ಲಿ ಇಳಿಯುವುದು ಮರ್ಯಾದಸ್ಥರ ಕೆಲಸ. ನಾವು ತಿರುವಿನಲ್ಲೇ ಹಾರುವುದು" ಎಂದರು. ಹಾರುವುದಕ್ಕೂ ಒಂದು ಕ್ರಮ ಇತ್ತಂತೆ. ಗಾಡಿ ಹೋಗುವ ದಿಕ್ಕಿಗೇ ಮುಖ ಮಾಡಬೇಕು, ಮೈಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಬೇಕು, ಕಾಲು ನೆಲ ಮುಟ್ಟಿದ ಕೂಡಲೇ ನಾಲ್ಕು ಹೆಜ್ಜೆ ಓಡಬೇಕು. ಹೊಸದಾಗಿ ಊರಿಂದ ಬಂದ ಹುಡುಗ ಹಿಂದಕ್ಕೆ ಮುಖ ಮಾಡಿ ಹಾರಿದರೆ ಅಂಗಾತ ಬಿದ್ದನೆಂದೇ ಲೆಕ್ಕ. ಯಾವ ನಾಕಾದಲ್ಲಿ ಯಾವ ಬದಿಯಿಂದ ಹಾರಬಹುದು, ಎಲ್ಲಿ ಪಕ್ಕದ ಹಳಿಯಲ್ಲಿ ಎದುರು ಗಾಡಿ ಬರುತ್ತದೆ, ಎಲ್ಲಿ ನೆಲಹಾಸಿನ ಕಲ್ಲು ಮಳೆಗೆ ಜಾರುತ್ತದೆ ಎನ್ನುವುದೆಲ್ಲ ಅವರಿಗೆ ಇವತ್ತಿಗೂ ಬಾಯಿಪಾಠ. ಮೂಳೆಯ ಮೇಲೆ ಆಸೆ ಇದ್ದವನು ಮರೆಯುವ ಹಾಗಿರಲಿಲ್ಲವಲ್ಲ.

ಇಂಥ ನೆನಪನ್ನು ಹಳಹಳಿಕೆ ಎಂದು ತಳ್ಳಿಹಾಕಿದರೆ ನನಗೆ ಕೋಪ ಬರುತ್ತದೆ. "ಆಗಿನ ಕಾಲ ಎಷ್ಟು ಚೆಂದ" ಎನ್ನುವ ರಾಗ ನನಗೂ ಆಗದು. ಆಗಿನ ಕಾಲದಲ್ಲಿ ಟ್ರಾಮು ಗಿಜಿಗುಡುತ್ತಿತ್ತು, ನಡೆದು ಹೋದರೂ ಆಗುತ್ತಿತ್ತು ಎನ್ನುವಷ್ಟು ನಿಧಾನವಾಗಿತ್ತು, ಮಳೆಗಾಲದಲ್ಲಿ ಬದಿಯಲ್ಲಿ ಕೂತವನು ನೆನೆಯುತ್ತಿದ್ದ. ಆದರೆ ನಾಕಾದ ನೆನಪನ್ನು ಒರೆಗೆ ಹಚ್ಚಿ ನೋಡಬಹುದು. ನಾವು ಮಾಡುವ ಕೆಲಸವೇ ಅದು. ಒಂದು ಹಳೆ ಫೋಟೊ ಕೈಗೆ ಬಂತು ಅಂದುಕೊಳ್ಳಿ, ಹಿಂದೆ ಇಸವಿ ಬರೆದಿಲ್ಲ. ಕುದುರೆ ಇದ್ದರೆ ಇಪ್ಪತ್ತನೆ ಶತಮಾನದ ಮೊದಲ ಕೆಲವು ವರ್ಷಗಳ ಈಚೆಗೆ ಬರುವಂತಿಲ್ಲ. ಡಬಲ್ ಡೆಕ್ಕರ್ ಕಂಡರೆ 1920ರ ನಂತರದ್ದು. ಮ್ಯೂಸಿಯಂ ಎದುರಿನ ಮೂಲೆಯಲ್ಲಿ ರೀಗಲ್ ಸಿನೆಮಾ ಇದ್ದರೆ 1933ರ ನಂತರದ್ದು. ಧೋಬಿ ತಲಾವ್‌ನಲ್ಲಿ ಮೆಟ್ರೊ ಇಲ್ಲವೋ, 1938ಕ್ಕಿಂತ ಹಿಂದಿನದು. ಗಾಡಿ ಮೂವತ್ತು ವರ್ಷ ಒಂದೇ ಥರ ಇದ್ದೀತು. ಮೂಲೆಗಳು ಬದಲಾಗುತ್ತ ಹೋಗುತ್ತವೆ, ಕಾಲ ಹೇಳುವುದು ಅವೇ.

ನೆನಪು ಮೋಸ ಮಾಡುವುದೂ ಉಂಟು. ಕಾಲಾ ಘೋಡಾದ್ದೇ ನೋಡಿ. ಮುಂದೆ ಏಳನೆ ಎಡ್ವರ್ಡ್ ಆದ ರಾಜಕುಮಾರ ಕುದುರೆಯ ಮೇಲೆ ಕೂತಿದ್ದ ಕರಿ ಪ್ರತಿಮೆ ಅಲ್ಲಿತ್ತು. ಮ್ಯೂಸಿಯಂ ಕಡೆಗಿನ ಟ್ರಾಮು ಅದರ ಪಕ್ಕದಲ್ಲೇ ಸಾಗುತ್ತಿತ್ತು. ಕುದುರೆಯೂ ಟ್ರಾಮೂ ಒಂದೇ ದಿನ ಹೋದವು ಎಂದು ಆಣೆ ಹಾಕಿ ಹೇಳುವವರಿದ್ದಾರೆ. ಪ್ರತಿಮೆಯನ್ನು ಎತ್ತಿದ್ದು 1965ರಲ್ಲಿ, ಟ್ರಾಮು ನಿಂತ ಮರುವರ್ಷ. ಅದು ಈಗ ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿದೆ. 2017ರಲ್ಲಿ ಕಾಲಾ ಘೋಡಾಕ್ಕೆ ಸವಾರನಿಲ್ಲದ ಇನ್ನೊಂದು ಕುದುರೆ ಬಂತು. ಮುಂದಿನ ತಲೆಮಾರಿನ ನೆನಪಿಗೆ ಇದು ಇನ್ನಷ್ಟು ಗೊಂದಲ ಎಬ್ಬಿಸುವುದರಲ್ಲಿ ಸಂಶಯವಿಲ್ಲ. ಕೊನೆಯ ಟ್ರಾಮಿನ ಕಥೆಯೂ ಹೀಗೇ. ಆ ರಾತ್ರಿ ಅದರಲ್ಲಿ ತಾವಿದ್ದೆವು ಎನ್ನುವವರನ್ನೆಲ್ಲ ಹತ್ತಿಸಬೇಕಾಗಿದ್ದರೆ ಬೆಸ್ಟ್‌ನವರು ಇಡೀ ಡಿಪೋವನ್ನೇ ಹೊರಗೆ ತರಬೇಕಾಗುತ್ತಿತ್ತು.

ಬೆಂಗಳೂರಿನವರು ನಡುವೆ ಒಂದು ಉಪಪ್ರಶ್ನೆ ಹಾಕುತ್ತಾರೆ: ನಮ್ಮಲ್ಲೂ ಟ್ರಾಮು ಇತ್ತಾ? ಇರಲಿಲ್ಲ. ಪಕ್ಕದ ಮದರಾಸಿನಲ್ಲಿ 1895ರಿಂದಲೇ ವಿದ್ಯುತ್ ಟ್ರಾಮು ಓಡಿ 1953ರಲ್ಲಿ ನಿಂತಿತು.

ನಾಕಾಕ್ಕೂ ಟ್ರಾಮಿಗೂ ಇರುವ ನಂಟನ್ನು ಕಣ್ಣಾರೆ ನೋಡಬೇಕೆಂದರೆ ಟ್ರಾಮು ಇನ್ನೂ ಬದುಕಿರುವ ಊರಿಗೆ ಹೋಗಬೇಕು. ಕೋಲ್ಕತ್ತದಲ್ಲಿ ಟ್ರಾಮುಗಳು ಬಂದು ಸೇರುವ ಎಸ್ಪ್ಲನೇಡ್ ಇದೆ, ಆದರೆ ಅಲ್ಲಿನ ದಾರಿಗಳು ಒಂದೊಂದಾಗಿ ಕಳಚಿ ಹೋಗುತ್ತಿವೆ. ಮೆಲ್ಬರ್ನ್‌ನಲ್ಲಿ ನೆಂಟರಿದ್ದವರು ಅಲ್ಲಿನ ಪೇಟೆಯ ಕೂಡುರಸ್ತೆಯಲ್ಲಿ ಕಾರು ಬಲಕ್ಕೆ ತಿರುಗುವುದನ್ನು ನೋಡಿ. ಬಲಕ್ಕೆ ಹೋಗಬೇಕಾದವರು ಮೊದಲು ಎಡ ಅಂಚಿಗೆ ಹೋಗಿ ಕಾದು, ಆಮೇಲೆ ತಿರುಗಬೇಕು. ರಸ್ತೆ ನಡುವಿನ ಟ್ರಾಮು ಹಳಿಗೆ ಅಡ್ಡ ನಿಲ್ಲಬಾರದೆಂದು ಮಾಡಿದ ನಿಯಮ. ಹೊಸದಾಗಿ ಹೋದ ನಮ್ಮ ಹುಡುಗರು ಅಲ್ಲಿ ಬೆವರುತ್ತಾರೆ. ನನಗೋ, ಇಡೀ ಊರು ಟ್ರಾಮಿಗಾಗಿ ತನ್ನ ನಾಕಾದ ನಡವಳಿಕೆಯನ್ನೇ ಬದಲಿಸಿಕೊಂಡಿದೆಯಲ್ಲ ಎಂದು ಹೊಟ್ಟೆಕಿಚ್ಚು. ಮುಂಬಯಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೋಟಾರಿಗೆ ಅಡ್ಡಿಯಾಗುತ್ತದೆಂದು ಟ್ರಾಮನ್ನು ಕಿತ್ತು ಹಾಕಿ, ಬಿಡುವಾದ ಜಾಗವನ್ನು ನಿಂತ ಕಾರುಗಳಿಗೆ ಒಪ್ಪಿಸಿತು.

ಹಳಿ ಪೂರ್ತಿ ಹೋಗಿಲ್ಲ. 2017ರಲ್ಲಿ ಫ್ಲೋರಾ ಫೌಂಟನ್ ಸುತ್ತ ದುರಸ್ತಿಗೆಂದು ಅಗೆದಾಗ ಡಾಂಬರಿನ ಕೆಳಗೆ ಹಳೆ ಹಳಿಗಳು ಸಿಕ್ಕವು. ಈಗ ಆ ಫೌಂಟನ್ ಇರುವ ಹುತಾತ್ಮ ಚೌಕದ ಕೆಳಗೆ, ಕಾಲ್ಬಾದೇವಿಯ ಕೆಳಗೆ ಮೆಟ್ರೊ 3 ಎಂಬ ಸುರಂಗ ರೈಲು ಓಡುತ್ತಿದೆ. ತಂಪಾಗಿದೆ, ಚೊಕ್ಕಟವಾಗಿದೆ, ಟ್ರಾಮಿಗಿಂತ ಎಷ್ಟೋ ಪಾಲು ವೇಗವಾಗಿದೆ, ನಾನೂ ಸಂತೋಷವಾಗಿಯೇ ಹತ್ತುತ್ತೇನೆ. ಆದರೆ ಸುರಂಗದಲ್ಲಿ ಗಾಡಿ ಯಾವಾಗ ತಿರುಗಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕಿಟಕಿಯಾಚೆ ಕಪ್ಪು ಗೋಡೆ. ಐವತ್ತು ವರ್ಷದ ಮೇಲೆ ಮೆಟ್ರೊ ಹುಚ್ಚರು ಯಾವುದರ ಬಗ್ಗೆ ಹರಟೆ ಹೊಡೆಯುತ್ತಾರೋ ನನಗಂತೂ ಕುತೂಹಲ. ಎಸ್ಕಲೇಟರಿನ ಬಗ್ಗೆ ಇರಬಹುದು.

ಇಷ್ಟಾದ ಮೇಲೆ ನನ್ನದೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಐವತ್ತರ ದಶಕದ ಮುಂಬಯಿಯಲ್ಲಿದ್ದ ದೊಡ್ಡಪ್ಪ, ಅಜ್ಜಿ, ಯಾರಾದರೂ ಇದ್ದರೆ "ಟ್ರಾಮು ಹೇಗಿತ್ತು?" ಎಂದು ಕೇಳಬೇಡಿ. "ಚೆನ್ನಾಗಿತ್ತು" ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಎಲ್ಲಿ ಹತ್ತುತ್ತಿದ್ದಿರಿ, ಯಾವ ಬದಿ ಕೂರುತ್ತಿದ್ದಿರಿ, ತಿರುವಿನಲ್ಲಿ ಯಾವ ಅಂಗಡಿ ಕಾಣುತ್ತಿತ್ತು, ಅದರ ಹಲಗೆಯ ಮೇಲೆ ಏನು ಬರೆದಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಇಸವಿ ಸಮೇತ ಬರೆದಿಡಿ. ಆಲ್ಬಮ್ಮಿನಲ್ಲಿ ನಾಕಾದ ಫೋಟೊ ಒಂದಿದ್ದರೆ ಮಧ್ಯದಲ್ಲಿರುವ ನೆಂಟರನ್ನು ಮಾತ್ರ ಕತ್ತರಿಸಿಕೊಳ್ಳದೆ ಇಡೀ ಚಿತ್ರವನ್ನು ಸ್ಕ್ಯಾನ್ ಮಾಡಿ, ಅಂಚುಗಳ ಸಮೇತ. ನಮಗೆ ಬೇಕಾದದ್ದು ಹೆಚ್ಚಾಗಿ ಅಂಚಿನಲ್ಲೇ ಇರುತ್ತದೆ.