ಸಿಂಧನೂರಿನ ಅಕ್ಕತಂಗಿಯರಿಗೆ, ಮೆಲ್ಬರ್ನ್‌ನಿಂದ

ಇಲ್ಲಿ ಆಸ್ಟ್ರೇಲಿಯಾದಲ್ಲಿ ಮನೆಯೊಳಗಿನ ಹಿಂಸೆ ಅಂದರೆ ಬರೀ ಹೊಡೆತ ಅಲ್ಲ. ಹೆಂಡತಿಯ ಸಂಬಳ ಕಸಿದುಕೊಳ್ಳುವುದು, ತವರಿನವರ ಜೊತೆ ಮಾತಾಡಲು ಬಿಡದಿರುವುದು, ಹೋದಲ್ಲಿ ಬಂದಲ್ಲಿ ಕಾವಲು ಹಾಕುವುದು, ಇವೂ ಹಿಂಸೆಯೇ. ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ 2018ರ ತಿದ್ದುಪಡಿಯಿಂದ ವರದಕ್ಷಿಣೆ ಕಿರುಕುಳವೂ ಇದರಲ್ಲಿ ಸೇರಿತು. ಸಮುದ್ರ ದಾಟಿದರೂ ಆ ಪಿಡುಗು ನಮ್ಮನ್ನು ಬಿಡಲಿಲ್ಲ, ನೋಡಿ.

ಶ್ರೀಮಂತ ದೇಶ, ಇಲ್ಲೇನು ಕಷ್ಟ ಅನ್ನಬೇಡಿ. 2021–22ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಇಲ್ಲಿ ನಾಲ್ವರು ಹೆಂಗಸರಲ್ಲಿ ಒಬ್ಬಳು ಸಂಗಾತಿಯಿಂದ ಹಿಂಸೆ ಕಂಡವಳು.

ನಮ್ಮಲ್ಲಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು 20.6 ಇತ್ತು. ಇದು ದೈಹಿಕ, ಲೈಂಗಿಕ ಹಿಂಸೆಯ ಲೆಕ್ಕ ಮಾತ್ರ. ಬೈಗುಳ, ಅವಮಾನ, ದುಡ್ಡು ಕಸಿದದ್ದು ಇದರಲ್ಲಿಲ್ಲ.

ನಾಟಿ ಹಚ್ಚಿ, ಹತ್ತಿ ಬಿಡಿಸಿ ತಂದ ಕೂಲಿ ಯಾರ ಕೈಗೆ ಹೋಗುತ್ತದೆ? ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ದಿನ ಎಟಿಎಂ ಕಾರ್ಡ್ ಯಾರ ಜೇಬಲ್ಲಿರುತ್ತದೆ? ಮಗಳು ತವರಿಗೆ ಬಂದು ಅತ್ತರೆ "ಹೊಡದಿಲ್ಲಲ್ಲ, ಹೊಂದ್ಕೊಂಡು ಹೋಗವ್ವ" ಅಂತ ಬಸ್ ಹತ್ತಿಸಿ ಕಳಿಸುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲೇ. ಯಾಕೆಂದರೆ ನಮ್ಮ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಇದೆಲ್ಲ ಬರೆದೇ ಇದೆ. ಬೈಗುಳ, ಮಾನಸಿಕ ಕಿರುಕುಳ, ಖರ್ಚಿಗೆ ಕೊಡದಿರುವುದು, ಅವಳ ಒಡವೆ ಮಾರುವುದು, ಎಲ್ಲ ಅದರಡಿ ಬರುತ್ತವೆ. ಹೆಂಡತಿಗೆ ಮಾತ್ರವಲ್ಲ, ತಾಯಿ, ಅಕ್ಕತಂಗಿ, ವಿಧವೆ ಸೊಸೆಗೂ ಅದು ಅನ್ವಯ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ.

ಪೊಲೀಸ್ ಠಾಣೆ ಮೆಟ್ಟಿಲು ಹತ್ತಲು ಅಂಜಿಕೆಯಾದರೆ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಬಹುದು. ಅರ್ಜಿ ಬರೆದು ಕೋರ್ಟಿಗೆ ಕಳಿಸಲು ಅಲ್ಲಿ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181. ಜೀವಕ್ಕೆ ಅಪಾಯ ಅನ್ನಿಸಿದರೆ 112.

ಮಗಳನ್ನು ಇಲ್ಲಿಗೆ ಮದುವೆ ಮಾಡಿ ಕಳಿಸುವವರಿಗೆ ಒಂದು ಮಾತು. ಪಾಸ್‌ಪೋರ್ಟ್, ವೀಸಾ ಕಾಗದದ ಪ್ರತಿ ನಿಮ್ಮ ಹತ್ತಿರವೂ ಇರಲಿ. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಗಂಡನದಲ್ಲ. ಪಾರ್ಟ್‌ನರ್ ವೀಸಾದಲ್ಲಿ ಬಂದವಳು ಹಿಂಸೆಯಿಂದ ಬೇರೆಯಾದರೂ ಇಲ್ಲೇ ಉಳಿಯಲು ಕಾನೂನಿನಲ್ಲಿ ದಾರಿ ಇದೆ. ಇಲ್ಲಿನ ಸಹಾಯವಾಣಿ 1800 737 732, ಹಗಲು ರಾತ್ರಿ ತೆರೆದಿರುತ್ತದೆ. ಅವಳು ಹೊರಡುವ ಮೊದಲೇ ಈ ನಂಬರ್ ಬಾಯಿಪಾಠ ಮಾಡಿಸಿ.