ಕರೆಂಟು ಚರ್ಮಕ್ಕೆ, ಎಳೆತ ಕಿವಿಯೊಳಗೆ

ನಮ್ಮ ಮೂಳೆಗಳನ್ನು ಎಳೆಯುವ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಕಿವಿಯೊಳಗಿದೆ. ಹೆಸರು ಸ್ಟೇಪೀಡಿಯಸ್, ಉದ್ದ ಸುಮಾರು 6 ಮಿಲಿಮೀಟರ್. ಜೋರು ಸದ್ದು ಕೇಳಿದರೆ ಸ್ಟೇಪಿಸ್ ಎಂಬ ಪುಟಾಣಿ ಮೂಳೆಯನ್ನು ಹಿಡಿದೆಳೆದು, ಒಳಕಿವಿಗೆ ಹೋಗುವ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಹಾಗಂತ ಪಟಾಕಿ ಹಚ್ಚುವಾಗ ಇದನ್ನೇ ನಂಬಬೇಡಿ. ಇದು ಎಳೆದು ಬಿಗಿಯುವಷ್ಟರಲ್ಲಿ ಪಟಾಕಿ ಸಿಡಿದು ಮುಗಿದಿರುತ್ತದೆ.

ಸದ್ದೇ ಇಲ್ಲದೆಯೂ ಈ ಸ್ನಾಯುವನ್ನು ಎಬ್ಬಿಸಬಹುದು ಅನ್ನೋದು ಇನ್ನೂ ಮಜವಾದ ವಿಷಯ. ಕಿವಿಯ ಹತ್ತಿರದ ಚರ್ಮಕ್ಕೆ ಸಣ್ಣಗೆ ಕರೆಂಟು ಕೊಟ್ಟರೆ ಸಾಕು. ಸ್ವೀಡನ್ನಿನ ಸಂಶೋಧಕರಾದ ಕ್ಲಾಕ್‌ಹಾಫ್ ಮತ್ತು ಆಂಡರ್ಸನ್ ಇದನ್ನು 1959ರಲ್ಲೇ ದಾಖಲಿಸಿ ತೋರಿಸಿದ್ದರು.

ಒಳಗೆ ಸ್ನಾಯು ಎಳೆಯಿತು ಅಂತ ಹೊರಗಿನವರಿಗೆ ತಿಳಿಯುವುದು ಹೇಗೆ? ಕಿವಿಗೆ ರಬ್ಬರ್ ತುದಿಯ ಪ್ರೋಬ್ ಇಡುತ್ತಾರೆ, ಅದು ಸಣ್ಣಗೆ ಗುಂಯ್ ಅನ್ನುವ ಒಂದು ದನಿಯನ್ನು ಬಿಡುತ್ತಲೇ ಇರುತ್ತದೆ (ಈಗಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 226 ಹರ್ಟ್ಸ್), ಸ್ನಾಯು ಬಿಗಿಯಾದ ಕೂಡಲೇ ಕಿವಿತಮಟೆ ಗಟ್ಟಿಯಾಗಿ ಆ ದನಿ ಮೊದಲಿಗಿಂತ ಜಾಸ್ತಿ ವಾಪಸ್ ಬರುತ್ತದೆ. ಕಿವಿ ಎಷ್ಟು ದನಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿದೆ ಅಂತ ತೋರಿಸುವ ಗೆರೆ ಯಂತ್ರದ ಪರದೆಯ ಮೇಲೆ ಒಂಚೂರು ಕುಸಿಯುತ್ತದೆ. ನೋಡಬೇಕಾದ್ದು ಅಷ್ಟೇ.

ಇದರಿಂದ ಏನು ಉಪಯೋಗ ಅಂತೀರಾ? ಒಬ್ಬರಿಗೆ ಏನೂ ಕೇಳಿಸುವುದಿಲ್ಲ ಅಂದುಕೊಳ್ಳಿ. ಎಷ್ಟು ಜೋರು ಸದ್ದು ಮಾಡಿದರೂ ಗೆರೆ ಅಲುಗಲ್ಲ. ತೊಂದರೆ ಕೇಳುವ ನರದ್ದೋ, ಸ್ನಾಯುವಿನದ್ದೋ, ಮೂಳೆಯೇ ಅಂಟಿಕೊಂಡಿದೆಯೋ? ಚರ್ಮದ ದಾರಿ ಕೇಳುವ ನರವನ್ನು ಮುಟ್ಟುವುದೇ ಇಲ್ಲ. ಸ್ಪರ್ಶದ ನರದಿಂದ ಮಿದುಳಿನ ಬುಡಕ್ಕೆ, ಅಲ್ಲಿಂದ ಮುಖದ ನರ ಹಿಡಿದು ಸ್ನಾಯುವಿಗೆ. ಹಾಗಾಗಿ ಕರೆಂಟಿಗೆ ಗೆರೆ ಕುಸಿದರೆ ಮುಖದ ನರ, ಸ್ನಾಯು, ಮೂಳೆ ಎಲ್ಲ ಕೆಲಸ ಮಾಡ್ತಿವೆ ಅಂತ ಲೆಕ್ಕ. ಓಟೋಸ್ಕ್ಲೆರೋಸಿಸ್ ಅನ್ನೋ ಕಿವಿಮೂಳೆಯ ಕಾಯಿಲೆಯಲ್ಲಿ ಸ್ಟೇಪಿಸ್ ಅಂಟಿಕೊಂಡಿದ್ದರೆ ಸ್ನಾಯು ಎಷ್ಟೇ ಎಳೆದರೂ ಮೂಳೆ ಜಗ್ಗುವುದಿಲ್ಲ.

ಒಂದು ಕಿರಿಕಿರಿ ಇದೆ. ಕರೆಂಟು ಸ್ವಲ್ಪ ಜೋರಾದರೆ ಮನುಷ್ಯ ಬೆಚ್ಚುತ್ತಾನೆ, ಬೆಚ್ಚಿದರೆ ಪಕ್ಕದ ಟೆನ್ಸರ್ ಟಿಂಪನಿ ಅನ್ನೋ ಇನ್ನೊಂದು ಸ್ನಾಯುವೂ ಕಿವಿತಮಟೆಯನ್ನು ಎಳೆಯುತ್ತದೆ. ಆಗ ಗೆರೆ ಕದಲಿದ್ದು ಯಾರಿಂದ ಅಂತ ಹೇಳೋದು ಕಷ್ಟ. (ಕಣ್ಣು ಗಟ್ಟಿಯಾಗಿ ಮುಚ್ಚಿದಾಗ ಕೆಲವರಿಗೆ ಕಿವಿಯಲ್ಲಿ ಗುಡುಗುಡು ಅನ್ನುತ್ತದಲ್ವಾ, ಅದೂ ಇದೇ ಟೆನ್ಸರ್ ಟಿಂಪನಿಯ ಕೆಲಸ.) ಅದೂ ಅಲ್ಲದೆ ಕಿವಿಗೆ ಕರೆಂಟು ಅಂದರೆ ಯಾರು ಸುಮ್ನೆ ಕೂರುತ್ತಾರೆ? ಸದ್ದು ಕೊಟ್ಟು ನೋಡುವುದು ಸುಲಭ, ಆಸ್ಪತ್ರೆಗಳಲ್ಲಿ ದಿನಾ ನಡೆಯುವ ಪರೀಕ್ಷೆ ಅದೇ. ಆದರೂ ಸದ್ದಿಗೆ ಗೆರೆ ಅಲುಗದ ಕಿವಿಗಳಿಗೆ ಈ ಹಳೇ ದಾರಿ ಇರಲಿ ಅನ್ನುವವನು ನಾನು.